ಅಪ್ಪನ ಸರದಿ ಇನ್ನೂ ಮುಗಿದಿರಲಿಲ್ಲ

ತೋಳ ತೋರಿಸೋಕೆ ಕರೆದುಕೊಂಡು ಹೋಗಿದ್ದ ಗೈಡಿಗೆ ನಾನು ಟಿಪ್ ಕೊಟ್ಟೆ. 150 ಡಾಲರ್. ಕೈ ಕುಲುಕಿ, ಥ್ಯಾಂಕ್ಸ್ ಹೇಳಿ ಕೊಟ್ಟೆ. ರೂಮಿಗೆ ಬಂದು ಮೂರು ಗಂಟೆ ಆಯಿತು, ಇದೊಂದು ಗಂಟಲಿನಿಂದ ಕೆಳಗೆ ಇಳಿಯುತ್ತಿಲ್ಲ.

ಸ್ಕೋಪ್, ಅದೇ ದೂರದ್ದನ್ನು ಹತ್ತಿರ ಮಾಡಿ ತೋರಿಸೋ ದುರ್ಬೀನು, ಅದನ್ನು ಕಿತ್ತುಕೊಂಡ ಅಂತ ಹೇಳಿದರೆ ಸುಳ್ಳಾಗುತ್ತದೆ. ಕಿತ್ತುಕೊಳ್ಳಲಿಲ್ಲ. ಅಪ್ಪನ ಭುಜದ ಮೇಲೆ ಕೈ ಇಟ್ಟು, ಬಸ್ಸಿನಲ್ಲಿ ದಾರಿಗೆ ಅಡ್ಡ ನಿಂತವರನ್ನು ಸರಿಸುವ ಹಾಗೆ, ಮೆತ್ತಗೆ ಪಕ್ಕಕ್ಕೆ ಸರಿಸಿದ. ಅಪ್ಪ ಇನ್ನೂ ಬಗ್ಗಿಕೊಂಡೇ ಇದ್ದರು. ಒಂದು ಕಣ್ಣು ಮುಚ್ಚಿಕೊಂಡು, "ತಡಿ ತಡಿ, ಕಣ್ಣು ಕೂಡವಲ್ದು" ಅನ್ನುತ್ತಿದ್ದರು. ಎಡಗಣ್ಣಿನ ಪೊರೆ ಆಪರೇಷನ್ ಆಗಿ ಎಂಟು ತಿಂಗಳಾಗಿದೆ. ಸ್ಕೋಪಿಗೆ ಕಣ್ಣು ಹೊಂದಿಸೋಕೆ ನನಗೇ ಅರ್ಧ ನಿಮಿಷ ಬೇಕಾಯಿತು, ಅವರಿಗೆ 71 ವರ್ಷ. ಸರಿಸಿದ ಮೇಲೆ ಅವರು ಎರಡು ಹೆಜ್ಜೆ ಹಿಂದೆ ಬಂದು, ಮಂಕಿ ಕ್ಯಾಪ್ ಸರಿ ಮಾಡಿಕೊಂಡು ಸುಮ್ನೆ ನಿಂತರು. ಆ ಜಾಗಕ್ಕೆ ಇನ್ನೊಬ್ಬ ಬಂದ. ನಮ್ಮವನಲ್ಲ. ಮೊಳದುದ್ದ ಲೆನ್ಸ್ ಹಿಡಿದಿದ್ದ ಯಾವನೋ ಫೋಟೋಗ್ರಾಫರ್, ಗೈಡಿನ ಗೆಳೆಯ ಅನ್ಸುತ್ತೆ.

ನಾನು "ಅಪ್ಪ ಇನ್ನೂ ನೋಡಿಲ್ಲ" ಅಂದೆ. ಆಗ ಗೈಡ್ ನನ್ನ ಕಡೆ ತಿರುಗಿ, ಅಪ್ಪ ಪಕ್ಕದಲ್ಲೇ ನಿಂತಿದ್ದಾರೆ, ಅವರ ಮುಖವನ್ನೂ ನೋಡದೆ, "ಅವರಿಗೆ ಏನು ನೋಡಬೇಕು ಅಂತ ಅರ್ಥ ಆಗ್ತಿದೆಯಾ?" ಅಂತ ಕೇಳಿದ.

ಅರ್ಥ ಆಗ್ತಿದೆಯಾ! ಅಪ್ಪ ಕೊಪ್ಪಳದ ಕಡೆಯವರು. ಹತ್ತು ವರ್ಷದ ಹುಡುಗನಾಗಿದ್ದಾಗ ಕುರಿ ಕಾಯೋಕೆ ಹೋಗಿ, ಕಣ್ಣೆದುರಿಗೇ ತೋಳ ಒಂದು ಮರಿ ಎತ್ತಿಕೊಂಡು ಹೋಗಿದ್ದನ್ನು ಕಂಡವರು. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. "ಬೆನ್ನು ಕಂಡ್ತು, ಬಾಲ ಕಂಡ್ತು, ಮಾರಿ ಕಾಣಲಿಲ್ಲ" ಅಂತಲೇ ಯಾವಾಗಲೂ ಮುಗಿಸುತ್ತಾರೆ. ಅದಕ್ಕೇ ಅಲ್ವಾ ನಾನು ಅಮೆರಿಕದ ಈ ಯೆಲ್ಲೋಸ್ಟೋನ್ ಪಾರ್ಕಿಗೆ ಕರೆದುಕೊಂಡು ಬಂದಿದ್ದು? ಬಿಸಿನೀರಿನ ಬುಗ್ಗೆ ನೋಡೋಕಲ್ಲ. ತೋಳದ ಮುಖ ನೋಡೋಕೆ.

ಬರುವಾಗ ದಾರಿಯಲ್ಲಿ ಇಲ್ಲಿಯ ಕಥೆ ಹೇಳಿದ್ದೆ. 1926ರ ಹೊತ್ತಿಗೆ ಇವರು ಈ ಪಾರ್ಕಿನ ತೋಳಗಳನ್ನೆಲ್ಲ ಕೊಂದು ಮುಗಿಸಿದ್ದರು. ಆಮೇಲೆ ಕೆನಡಾದಿಂದ 1995ರಲ್ಲಿ 14, 1996ರಲ್ಲಿ 17 ತೋಳ ತಂದು ಬಿಟ್ಟರು. ಅಪ್ಪ ಬಹಳ ಹೊತ್ತು ಯೋಚನೆ ಮಾಡಿ, "ನಮ್ಮಾಗ ತ್ವಾಳ ಹಳ್ಳಕ್ಕ ಬಿದ್ರ ಆಳಿಗೊಂದು ಕಲ್ಲು ಅಂತಾರ, ಇವರು ರೊಕ್ಕ ಕೊಟ್ಟು ತರಿಸ್ಯಾರ ನೋಡು" ಅಂದರು. ಎಷ್ಟು ಖುಷಿಯಾಗಿದ್ದರು ಗೊತ್ತಾ? ಬೆಳಿಗ್ಗೆ 3 ಗಂಟೆಗೇ ಎದ್ದು ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಪಾರ್ಕಿನ ಬಾಗಿಲಲ್ಲಿರೋ ಗಾರ್ಡಿನರ್ ಊರು ಬಿಡುವಾಗ ಇನ್ನೂ ಕತ್ತಲೆ. ಕಾಡೆಮ್ಮೆಗಳು, ಅದೇ ಬೈಸನ್, ರಸ್ತೆ ತುಂಬಾ ನಿಂತಿದ್ದವು. ಅವನ್ನು ದಾಟಿಕೊಂಡು ಲಾಮಾರ್ ಕಣಿವೆ ತಲುಪುವಾಗ ಬೆಳಕು ಹರಿಯುತ್ತಿತ್ತು. ಕೈ ಮರಗಟ್ಟುವ ಚಳಿ.

ಆ ರಸ್ತೆಯಲ್ಲಿ ಯಾರು ಬೇಕಾದರೂ ಸ್ವಂತ ಕಾರಿನಲ್ಲಿ ಹೋಗಬಹುದು. ಟೂರೇ ಬೇಕಾಗಿರಲಿಲ್ಲ. ತೋಳ ಇರೋದು ಒಂದು ಮೈಲಿ, ಎರಡು ಮೈಲಿ ದೂರದ ಗುಡ್ಡದ ಇಳಿಜಾರಿನಲ್ಲಿ. ಬರಿಗಣ್ಣಿಗೆ ಅಲ್ಲಿ ಹುಲ್ಲು, ಕಲ್ಲು ಬಿಟ್ಟರೆ ಏನೂ ಇಲ್ಲ. ಅಂದರೆ ನಾನು 900 ಡಾಲರ್, ನಮ್ಮ ರೂಪಾಯಿಯಲ್ಲಿ ಮುಕ್ಕಾಲು ಲಕ್ಷಕ್ಕೂ ಮೇಲೆ, ಕೊಟ್ಟಿದ್ದೇ ಆ ಸ್ಕೋಪಿಗೆ ಮತ್ತು ಎಲ್ಲಿ ನೋಡಬೇಕು ಅಂತ ತೋರಿಸೋ ಮನುಷ್ಯನಿಗೆ. ಪ್ರೈವೇಟ್ ಟೂರ್. ಮೂರೇ ಜನ. ಮುದುಕರಿದ್ದಾರೆ, ನಿಧಾನ ಆಗುತ್ತೆ ಅಂತ ಬುಕಿಂಗ್ ಮಾಡುವಾಗಲೇ ಬರೆದಿದ್ದೆ.

ಅಲ್ಲಿಯ ಪದ್ಧತಿಯೂ ನನಗೆ ಗೊತ್ತು. ತೋಳ ನೋಡೋಕೆ ಬಂದವರು ತಮ್ಮ ಸ್ಕೋಪಿನಲ್ಲಿ ಪರಿಚಯ ಇಲ್ಲದವರಿಗೂ ತೋರಿಸುತ್ತಾರೆ. ಅದು ಒಳ್ಳೆಯದೇ. ಅರ್ಧ ಗಂಟೆ ಮೊದಲು ಒಬ್ಬ ಹೆಂಗಸು ಅವ್ವನನ್ನು ಕೈ ಹಿಡಿದು ಕರೆದು, ತನ್ನ ಸ್ಕೋಪಿನ ಸ್ಟ್ಯಾಂಡನ್ನು ಅವ್ವನ ಎತ್ತರಕ್ಕೆ ಇಳಿಸಿ, ತೋಳಗಳನ್ನು ತೋರಿಸಿದ್ದಳು. ಹಾಗಾಗಿ ಗೈಡ್ ಇನ್ನೊಬ್ಬರಿಗೆ ತೋರಿಸಿದ್ದು ತಪ್ಪಲ್ಲವೇನೋ. ಅವನಿಗೂ ಪ್ರತಿದಿನ ಅದೇ ಜನರ ಮುಖ ನೋಡಬೇಕು. ನಾವು ಒಂದು ದಿನ ಬಂದು ಹೋಗುವವರು. ಇರಲಿ ಬಿಡಿ ಅಂತ ಕಾರಿನಲ್ಲಿ ನನಗೆ ನಾನೇ ಹೇಳಿಕೊಂಡೆ.

ಇಲ್ಲ, ಬಿಡೋಕೆ ಆಗೋದಿಲ್ಲ. ಎಲ್ಲರೂ ನೋಡಿದ ಮೇಲೆ ಹಂಚಿಕೊಳ್ಳೋದು ಬೇರೆ. ಒಬ್ಬ ಮನುಷ್ಯ ಕಣ್ಣಿಟ್ಟು ಹುಡುಕುತ್ತಿರುವಾಗ ಮಧ್ಯದಲ್ಲಿ ಸರಿಸೋದು ಬೇರೆ. ಫೋಟೋಗ್ರಾಫರ್ ನೋಡಿದ, ಅವನ ಜೊತೆಯವಳು ನೋಡಿದಳು, ಇಬ್ಬರೂ ಏನೋ ಹೇಳಿ ನಕ್ಕರು. ಅಷ್ಟರಲ್ಲಿ ಯಾರೋ ಕೂಗಿದರು, ತೋಳಗಳು ಎದ್ದವು ಅಂತ. ಅಪ್ಪ ಮುಂದೆ ಬಂದು ಬಗ್ಗುವ ಹೊತ್ತಿಗೆ ಅವು ದಿಣ್ಣೆಯ ಆಚೆ ಇಳಿದಿದ್ದವು. ಅಪ್ಪ ಖಾಲಿ ಗುಡ್ಡವನ್ನೇ ನೋಡುತ್ತಿದ್ದರು. ಬಹಳ ಹೊತ್ತು ನೋಡಿದರು. ಆಗ ಯಾರೂ ಅವರನ್ನು ಸರಿಸಲಿಲ್ಲ.

ನಾನು ಜಗಳ ಮಾಡಬೇಕಿತ್ತು. ಬಾಯಿಗೆ ಬಂದಿತ್ತು. ಆದರೆ ಅಷ್ಟು ಜನ ಪಿಸುಮಾತಿನಲ್ಲಿ ಮಾತಾಡುವ ಜಾಗದಲ್ಲಿ ದನಿ ಎತ್ತಿದರೆ ಎಲ್ಲರೂ ಅಪ್ಪನ ಕಡೆಯೇ ತಿರುಗುತ್ತಾರೆ ಅಂತ ಹೆದರಿದೆ. ಹದಿನಾಲ್ಕು ವರ್ಷ ಈ ದೇಶದಲ್ಲಿದ್ದೀನಿ. ಆಫೀಸಿನಲ್ಲಿ ಯಾರ ಜೊತೆ ಬೇಕಾದರೂ ವಾದ ಮಾಡುತ್ತೀನಿ. ಅಪ್ಪನಿಗೋಸ್ಕರ ಒಂದು ಮಾತು ಹೊರಡಲಿಲ್ಲ.

ಈ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರ ಕೊಡಿ. ಪ್ರೈವೇಟ್ ಅಂದರೆ ಏನು? ಮುದುಕರಿಗೆ ಒಂದೆರಡು ನಿಮಿಷ ಕೊಡೋದು ಆ ದುಡ್ಡಿನಲ್ಲಿ ಸೇರಿಲ್ವಾ? ನಾಳೆ ವಾಪಸ್ ಹೊರಡಬೇಕು. ಬೆಳಿಗ್ಗೆ ಬೇಗ ನಮ್ಮ ಕಾರಲ್ಲೇ ಹೋದರೆ ಕಾಣುತ್ತವಾ? ಯಾರಾದರೂ ಸ್ಕೋಪ್ ಕೊಡುತ್ತಾರಾ? ಆ ಹೆಂಗಸಿನ ಹೆಸರನ್ನೂ ನಾನು ಕೇಳಲಿಲ್ಲ.

ಕಾರಿನಲ್ಲಿ ಅಪ್ಪ, "ಕಂಡ್ತು ಬಿಡೋ ತಮ್ಮಾ, ಚಲೋ ಕಂಡ್ತು" ಅಂದರು. ನಾನು ನಂಬಿದೆ. ನಂಬಿ, ಅದೇ ಸಮಾಧಾನದಲ್ಲಿ ಟಿಪ್ ಕೊಟ್ಟೆ. ಈಗ ಊಟ ಮಾಡುವಾಗ ಅವ್ವ ಆ ಕರೀ ತೋಳದ ಸುದ್ದಿ ತೆಗೆದಳು. ಇಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತೋಳಗಳು ಕರಿಬಣ್ಣದವೇ. ಇವತ್ತು ಕಂಡ ಮೂರರಲ್ಲಿ ಎರಡು ಕಪ್ಪಗಿದ್ದವು, ಕಲ್ಲಿದ್ದಲಿನ ಹಾಗೆ.

ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳಿದರು, "ಕರೀವೂ ಇದ್ವೇನು?"