‘ಫೈನ್ ಕಟ್ಟಿ ಮುಗಿಸ್ಕೊಳ್ಳಪ್ಪಾ’ ಅನ್ನೋ ಪುಕ್ಕಟೆ ಸಲಹೆ

ಇವತ್ತು ಸರ್ಕಲ್ಲಿನಲ್ಲಿ ಮತ್ತದೇ ಪಂಚಾಯ್ತಿ. ಕಾರಿನ ಎಡಗಡೆ ಹಿಂದಿನ ಬಾಗಿಲಿಗೆ ಬೈಕ್ ಗುದ್ದಿದೆ, ಬೈಕಿನವನ ಮೊಣಕಾಲು ತರಚಿದೆ. ಸೇರಿದ ಹತ್ತು ಜನ ಎರಡೇ ನಿಮಿಷದಲ್ಲಿ ತೀರ್ಪು ಕೊಟ್ಟಾಯ್ತು: ಕಾರಿನವನದೇ ತಪ್ಪು. ಯಾಕೆ? ಅದು ದೊಡ್ಡದಲ್ವಾ! ಕೊನೆಗೆ ಹಿರಿಯರೊಬ್ಬರು, "ಫೈನ್ ಕಟ್ಟಿ ಮುಗಿಸ್ಕೊಳ್ಳಪ್ಪಾ, ಕೋರ್ಟು ಕಚೇರಿ ಯಾಕೆ?" ಅಂದರು. ಕಾರಿನ ಹುಡುಗ ತಲೆಯಾಡಿಸಿದ. ನನಗೆ ಮೈ ಉರಿದುಹೋಯ್ತು.

ದೊಡ್ಡ ಗಾಡಿಯದೇ ತಪ್ಪು ಅಂತ ಮೋಟಾರು ವಾಹನ ಕಾಯ್ದೆಯ ಯಾವ ಸೆಕ್ಷನ್ನೂ ಹೇಳಲ್ಲ.

ಇನ್ನು ಮುಗಿಸ್ಕೊಳ್ಳೋ ಮಾತು. ಹೆಲ್ಮೆಟ್ಟು, ಹೊಗೆ ತಪಾಸಣೆ ಚೀಟಿ, ಇವುಗಳ ದಂಡ ಕಟ್ಟಿದರೆ ಅಲ್ಲಿಗೆ ಮುಗೀತು. ಗುದ್ದಿ ಯಾರಿಗಾದರೂ ಪೆಟ್ಟಾದರೆ ಬೀಳೋದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281 (ಬೇಕಾಬಿಟ್ಟಿ ಗಾಡಿ ಓಡಿಸಿದ್ದಕ್ಕೆ), ಜೊತೆಗೆ 125 (ಬೇರೆಯವರ ಜೀವಕ್ಕೆ ಅಪಾಯ ತಂದಿದ್ದಕ್ಕೆ). 281ಕ್ಕೆ ದಂಡ ಹೆಚ್ಚೆಂದರೆ 1000 ರೂಪಾಯಿ, ಆದರೆ ಆರು ತಿಂಗಳ ಜೈಲಿಗೂ ಅವಕಾಶ ಇದೆ. ಸಾವಿರ ತಾನೇ ಅಂತ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರೆ ಅಪರಾಧಿ ಅಂತ ದಾಖಲಾಯ್ತು. ನಾಳೆ ಪರಿಹಾರದ ಕೇಸಿನಲ್ಲಿ ಎದುರು ವಕೀಲರು ಮೊದಲು ಎತ್ತಿ ತೋರಿಸೋದು ಅದನ್ನೇ. ಪರಿಹಾರ ತೀರ್ಮಾನಿಸೋ ಟ್ರಿಬ್ಯುನಲ್‌ಗೆ ಅದೇ ಕೊನೆ ಮಾತೇನಲ್ಲ. ಆದರೆ ನೀವೇ ಒಪ್ಪಿದ್ದನ್ನ ನೀವೇ ಅಲ್ಲಗಳೆಯೋ ಫಜೀತಿ ಯಾರಿಗೆ ಬೇಕು?

ಇನ್ನೊಂದು ಗೊಂದಲ. ಬೇರೆ ನಿಯಮ ಮುರಿದಿದ್ದಕ್ಕೆ ಚಲನ್ ಬಿದ್ದರೆ ಅಪಘಾತವೂ ನಿಮ್ಮಿಂದಲೇ ಆಯ್ತು ಅಂತಲ್ಲ. ಬೈಕಿನಲ್ಲಿ ಮೂವರಿದ್ದರು ಅನ್ನೋದೊಂದೇ ಕಾರಣಕ್ಕೆ ಅಪಘಾತದಲ್ಲಿ ಅವರದೂ ಪಾಲಿದೆ ಅನ್ನೋಕಾಗಲ್ಲ, ಆ ಉಲ್ಲಂಘನೆಗೂ ಡಿಕ್ಕಿಗೂ ನಂಟು ತೋರಿಸಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಸರ್ಕಲ್ಲಿನ ನ್ಯಾಯಾಧೀಶರಿಗೆ ಇದು ಇನ್ನೂ ತಲುಪಿಲ್ಲ, ಪಾಪ.

ಗಾಯಾಳುವನ್ನ ಆಸ್ಪತ್ರೆಗೆ ಸೇರಿಸೋದು, ಪೊಲೀಸರಿಗೂ ಇನ್ಶೂರೆನ್ಸ್‌ಗೂ ತಿಳಿಸೋದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134ರ ಪ್ರಕಾರ ಡ್ರೈವರ್ ಹೊಣೆ. ಅದಾದ ಮೇಲೆ ಬಗ್ಗಿ ರಸ್ತೆ ನೋಡಿ. ಡಿಕ್ಕಿಯ ಏಟಿಗೆ ಮಡ್‌ಗಾರ್ಡ್ ಒಳಗೆ ಮೆತ್ತಿದ ಒಣ ಮಣ್ಣು ಉದುರುತ್ತೆ. ಗಾಡಿಗಳು ಆಮೇಲೆ ಎಲ್ಲಿಗೆ ಜಾರಿದರೂ ಆ ಮಣ್ಣು ಬಿದ್ದಿರೋದು ಹೆಚ್ಚುಕಮ್ಮಿ ಗುದ್ದಿದ ಜಾಗದಲ್ಲೇ. ಗಾಡಿ ಬದಿಗೆ ಸರಿಸೋ ಮುಂಚೆ ಆ ಮಣ್ಣು, ರಸ್ತೆ ಅಂಚು, ಲೇನ್ ಗೆರೆ ಎಲ್ಲ ಒಂದೇ ಚೌಕಟ್ಟಿನಲ್ಲಿ ಬರೋ ಹಾಗೆ ಫೋಟೋ ತೆಗೀರಿ. ಆಮೇಲೆ ಹತ್ತಿರದಿಂದ: ಗೀರು ಎಲ್ಲಿ ಶುರುವಾಗಿ ಯಾವ ಕಡೆ ಎಳೆದಿದೆ, ಯಾರ ಬಣ್ಣ ಯಾರಿಗೆ ಮೆತ್ತಿದೆ. ಟೈರಿನ ಕಪ್ಪು ಗೆರೆ ಇಲ್ಲ ಅಂದಾಕ್ಷಣ ಬ್ರೇಕ್ ಹಾಕೇ ಇಲ್ಲ ಅನ್ನೋರನ್ನ ನಂಬಬೇಡಿ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಇರೋ ಗಾಡಿ ಗೆರೆ ಎಳೆಯೋದೇ ಕಮ್ಮಿ. ಅಂಗಡಿ ಸಿಸಿಟಿವಿಯನ್ನ ಅವತ್ತೇ ಕೇಳಿ. ರೆಕಾರ್ಡರ್ ತುಂಬಿದ ಹಾಗೆ ಹಳೇದು ಅಳಿಸಿಹೋಗುತ್ತೆ. ವಾಟ್ಸಾಪ್‌ನಲ್ಲಿ ತರಿಸ್ಕೊಂಡ್ರೆ ಸಾಲದು, ಮೂಲ ಫೈಲೇ ಬೇಕು, ಜೊತೆಗೆ ಇಂಥ ಎಲೆಕ್ಟ್ರಾನಿಕ್ ದಾಖಲೆಗೆ ಕೊಡಬೇಕಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ.

‘ನನ್ನದೇ ತಪ್ಪು, ರಿಪೇರಿ ಕೊಡ್ತೀನಿ’ ಅಂತ ಬಿಳಿ ಹಾಳೆಯಲ್ಲಿ ಬರ್ಕೊಡಬೇಡಿ, ಕೈ ಮುಗೀತೀನಿ. ತನಿಖೆಯಲ್ಲಿ ಪೊಲೀಸರು ಬರ್ಕೊಂಡ ಹೇಳಿಕೆಗೂ ಸಹಿ ಹಾಕಿಸೋ ಹಾಗಿಲ್ಲ. ಚಾರ್ಜ್‌ಶೀಟ್ ಆದರೆ ಮಹಜರು, ಸ್ಕೆಚ್, ಐಎಂವಿ ರಿಪೋರ್ಟ್ (ಮೋಟಾರು ವಾಹನ ಇನ್‌ಸ್ಪೆಕ್ಟರ್ ಗಾಡಿ ನೋಡಿ ಬರೆಯೋ ವರದಿ), ಇವುಗಳ ನಕಲು ಆರೋಪಿಗೆ ಕೋರ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ಸ್ಕೆಚ್ಚಿನಲ್ಲಿ ಗುದ್ದಿದ ಜಾಗ ರಸ್ತೆ ಅಂಚಿನಿಂದ ಎಷ್ಟು ಅಡಿ ಅಂತ ಹಾಕಿದ್ದಾರಾ? ಐಎಂವಿಯಲ್ಲಿ ಬರೆದ ಜಖಂ ನಿಮ್ಮ ಫೋಟೋಗೆ ತಾಳೆ ಆಗುತ್ತಾ? ಕೇಸು ಸಡಿಲ ಆಗೋದು ಬಹಳ ಸಲ ಇಲ್ಲೇ.

ವರ್ಷಗಟ್ಟಲೆ ಅಲೆಯಬೇಕಲ್ಲ ಅಂತೀರಿ. ಅಲೆಯಬೇಕು, ಸುಳ್ಳು ಹೇಳಲ್ಲ. ಯಾರಿಗೂ ಪೆಟ್ಟಾಗದೆ ಬರೀ ಗಾಡಿಗೆ ತಗ್ಗು ಬಿದ್ದಿದ್ದರೆ ಅವರವರ ಇನ್ಶೂರೆನ್ಸಿನಲ್ಲಿ ರಿಪೇರಿ ಮಾಡಿಸ್ಕೊಂಡು ಮನೆಗೆ ಹೋಗಿ, ಕ್ಲೇಮ್ ಮಾಡದವರಿಗೆ ಸಿಗೋ ನೋ ಕ್ಲೇಮ್ ಬೋನಸ್ ಒಂದು ಹೋಗುತ್ತೆ ಅಷ್ಟೇ. ರಕ್ತ ಬಂದ ಕೇಸಿಗೂ ಅದೇ ಮಂತ್ರ ಊದೋರ ಮೇಲೆ ನನ್ನ ಸಿಟ್ಟು.

ಇವತ್ತಿನ ಕಾರಿನ ಮುಂಭಾಗ ಪೂರ್ತಿ, ಮುಂದಿನ ಬಾಗಿಲೂ ಸೇರಿ, ಸರ್ಕಲ್ ದಾಟಿಯಾಗಿತ್ತು. ಪೆಟ್ಟು ಬಿದ್ದಿದ್ದು ಹಿಂದಿನ ಬಾಗಿಲಿಗೆ. ಆ ಹುಡುಗ ಅದೇ ತಗ್ಗಿನ ಪಕ್ಕ ಹಾಳೆ ಇಟ್ಕೊಂಡು ‘ನನ್ನದೇ ತಪ್ಪು’ ಅಂತ ಬರೀತಿದ್ದ.