ಎದುರಿಗೆ ಒಬ್ಬರಿದ್ದರೆ

ಬೆಂಗಳೂರಿನ ದರ್ಶಿನಿಗಳಲ್ಲಿ ಎದೆಮಟ್ಟದ ಒಂದು ದುಂಡು ಮೇಜಿಗೆ ಮೂರು ನಾಲ್ಕು ಮಂದಿ ಅಪರಿಚಿತರು. 1980ರ ದಶಕದಲ್ಲಿ ಜಯನಗರದ ಕಡೆ ಶುರುವಾದ ಈ ನಿಂತು ತಿನ್ನುವ ಏರ್ಪಾಡು ಕುರ್ಚಿಯನ್ನು ತೆಗೆದುಹಾಕಿತು, ಜೊತೆಗೆ 'ಇದು ನಮ್ಮ ಮೇಜು' ಎಂಬ ಜಂಬವನ್ನೂ. ತಟ್ಟೆ ಹಿಡಿದು ಯಾರಾದರೂ ಬಂದರೆ ಮೊದಲೇ ನಿಂತವರು ತಮ್ಮ ಲೋಟವನ್ನು ಅರ್ಧ ಗೇಣು ಸರಿಸುತ್ತಾರೆ. ಮಾತಿಲ್ಲ, ಮುಖ ನೋಡುವುದೂ ಇಲ್ಲ. ಆದರೂ ಮನೆಯಲ್ಲಿ ಸಾಂಬಾರಿನ ಬಟ್ಟಲನ್ನೇ ಎತ್ತಿ ಸೊರ್ರೆಂದು ಹೀರುವ ಮಹನೀಯರು ಇಲ್ಲಿ ಚಮಚಕ್ಕಾಗಿ ತಡಕಾಡುತ್ತಾರೆ.

ಪಕ್ಕದವರ ಇರವು ಕಾಡುವುದು ಮನುಷ್ಯರನ್ನಷ್ಟೇ ಅಲ್ಲ. ರಾಬರ್ಟ್ ಝಾಯನ್ಸ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಓಡಿದ್ದು ಜಿರಲೆಗಳು. ನೋಡಲು ಬೇರೆ ಜಿರಲೆಗಳಿದ್ದಾಗ ನೇರ ದಾರಿಯಲ್ಲಿ ಅವುಗಳ ಓಟ ಚುರುಕಾಯಿತು, ತಿರುವಿನ ದಾರಿಯಲ್ಲಿ ನಿಧಾನವಾಯಿತು. (ಹೋಟೆಲಿನ ಮಾತಿನ ನಡುವೆ ಜಿರಲೆಯನ್ನು ತಂದದ್ದಕ್ಕೆ ಮಾಲೀಕರ ಕ್ಷಮೆ ಇರಲಿ.) ನನಗಂತೂ ಇಡ್ಲಿ ನೇರ ದಾರಿ, ಮಸಾಲೆ ದೋಸೆ ತಿರುವು. ಎದುರಿಗೆ ಯಾರಾದರೂ ನಿಂತರೆ ಇಡ್ಲಿ ಬೇಗ ಖಾಲಿಯಾಗುತ್ತದೆ. ದೋಸೆಯ ಪಲ್ಯ ಮಾತ್ರ ತಟ್ಟೆಯಾಚೆಗೆ ಜಾರುತ್ತದೆ.

ಈಚೆಗೆ ಈ ಮೇಜುಗಳಿಗೆ ಕಣ್ಣಿಗೆ ಕಾಣದವರೂ ಬರುತ್ತಿದ್ದಾರೆ. ಮೊನ್ನೆ ನನ್ನೆದುರಿಗಿದ್ದ ಯುವಕ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, 'ಹೌದು ಸರ್, ಖಂಡಿತ ಸರ್' ಎನ್ನುತ್ತಿದ್ದ. ಒಂದೊಂದು 'ಸರ್'ಗೂ ಬೆನ್ನು ಬಾಗುತ್ತಿತ್ತು. ಎಡಗೈ ತಾನಾಗಿಯೇ ಅಂಗಿಯ ಮೇಲಿನ ಗುಂಡಿ ಹಾಕಿತು. ಅದು ಬರೀ ಧ್ವನಿಯ ಕರೆ. ಆ ಸಾಹೇಬರಿಗೆ ಗುಂಡಿಯೂ ಕಾಣದು, ಬೆನ್ನೂ ಕಾಣದು. ಬಲಗೈ ಗಾಳಿಯಲ್ಲಿ ಏನನ್ನೋ ವಿವರಿಸುತ್ತಿತ್ತು, ಬೆರಳ ತುದಿಯ ಸಾಂಬಾರು ನೇರವಾಗಿ ನನ್ನ ತೋಳಿಗೆ ಸಿಡಿಯುತ್ತಿತ್ತು. ಎಲ್ಲೋ ಇರುವವರು ಅವನ ಪಾಲಿಗೆ ಎದುರಿಗೇ ಇದ್ದರು. ಒಂದು ಮೊಳ ದೂರದಲ್ಲಿದ್ದ ನಾನು ಊರಲ್ಲೇ ಇರಲಿಲ್ಲ. ಕೋಪ ಬಂತು, ಆದರೆ ಆ ವಿನಯವನ್ನು ನೋಡುತ್ತ ನೋಡುತ್ತ ಬೈಯಲು ಬಾಯಿ ಬರಲಿಲ್ಲ.

ಕರೆ ಮುಗಿಯಿತು. ಬೆನ್ನು ನೆಟ್ಟಗಾಯಿತು. ತಲೆಯೆತ್ತಿದವನಿಗೆ ನನ್ನ ತೋಳಿನ ಮೇಲಿನ ಕಲೆಗಳು ಕಂಡವು.

'ಅಯ್ಯೋ, ಕ್ಷಮಿಸಿ ಸರ್, ನೀವು ಯಾವಾಗ ಬಂದಿರಿ?'

ಅವನು ಬರುವ ಹೊತ್ತಿಗೆ ನಾನು ಎರಡು ಇಡ್ಲಿ ಮುಗಿಸಿ, ಅವನ ತಟ್ಟೆಗೆಂದು ಲೋಟವನ್ನೂ ಸರಿಸಿಕೊಟ್ಟಿದ್ದೆ.