ಜಟ್ಲೆಂಡ್ ಕದನದ ಬಗ್ಗೆ ಒಂದು ಸ್ಪಷ್ಟನೆ

ಜಟ್ಲೆಂಡ್ ಕದನ ಅಂದರೆ ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಜರ್ಮನಿಯ ನೌಕಾಪಡೆಗಳ ನಡುವೆ ನಡೆದ ದೊಡ್ಡ ಸಮುದ್ರ ಕಾಳಗ. "1916ರ ಜಟ್ಲೆಂಡ್ ಕದನದ ನಂತರ ಜರ್ಮನಿಯ ಯುದ್ಧನೌಕೆಗಳು ಬಂದರು ಬಿಟ್ಟು ಹೊರಗೆ ಬರಲೇ ಇಲ್ಲ" ಎಂಬ ಮೆಸೇಜ್ ಓಡಾಡುತ್ತಿದೆ. ಹೋದ ವಾರ ನಾನೂ ಹಾಗೇ ಬರೆದಿದ್ದೆ. ಅದು ತಪ್ಪು, ಕ್ಷಮಿಸಿ.

ಮೇ 31ಕ್ಕೆ ಶುರುವಾದ ಆ ಕದನ ಮುಗಿದು ಮೂರು ತಿಂಗಳೂ ಆಗಿರಲಿಲ್ಲ, ಆಗಸ್ಟ್ 19ರಂದು ಜರ್ಮನಿಯ ಅಡ್ಮಿರಲ್ ಶೇರ್ ಅವರ ನೌಕಾಪಡೆ ಮತ್ತೆ ಉತ್ತರ ಸಮುದ್ರದಲ್ಲಿತ್ತು, ಆ ದಿನ ವೆಸ್ಟ್‌ಫಾಲೆನ್ ಎಂಬ ಯುದ್ಧನೌಕೆಗೆ ಬ್ರಿಟಿಷ್ ಜಲಾಂತರ್ಗಾಮಿಯ ಟಾರ್ಪಿಡೊ ಕೂಡ ಬಡಿಯಿತು. ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹೊರಟರು. 1918ರ ಏಪ್ರಿಲ್‌ನಲ್ಲಂತೂ ನಾರ್ವೆ ಹತ್ತಿರದವರೆಗೂ ಹೋಗಿ ಬಂದರು. ಎರಡೂ ದೇಶಗಳ ನೌಕಾ ದಾಖಲೆಗಳಲ್ಲಿ ಇದೆಲ್ಲ ಇದೆ.

ಎರಡೂ ಕಡೆಯ ಇಡೀ ಪಡೆಗಳು ಮತ್ತೆ ಎದುರುಬದುರಾಗಿ ಕಾದಾಡಲಿಲ್ಲ, ಅಷ್ಟು ಮಾತ್ರ ನಿಜ. ಆ ಮೆಸೇಜ್ ನಿಮಗೂ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ.